ಕೀಲಿ ಕೊಡುವ ಕೈ

ಸಮಯವೆಷ್ಟೆಂದು ತಿಳಿಯಲು ಇಂದು ಗಡಿಯಾರವೇ ಬೇಕಾಗಿಲ್ಲ. ಜೇಬಿನಲ್ಲಿರುವ ಮೊಬೈಲ್ ಫೋನು ಅದನ್ನು ಕ್ಷಣವೂ ತಪ್ಪದಂತೆ ತೋರಿಸುತ್ತದೆ. ಹೀಗಿದ್ದರೂ ನೂರು, ನೂರೈವತ್ತು ವರ್ಷ ಹಳೆಯದಾದ, ದಿನಕ್ಕೆ ಒಂದೆರಡು ನಿಮಿಷ ಹಿಂದೆಯೋ ಮುಂದೆಯೋ ಓಡುವ ಜೇಬುಗಡಿಯಾರಗಳನ್ನು ಊರೂರು ಅಲೆದು ಹುಡುಕುವವರಿದ್ದಾರೆ. ಅವುಗಳಿಗಾಗಿ ದೊಡ್ಡ ಮೊತ್ತ ತೆರುವವರೂ ಇದ್ದಾರೆ. ನಮ್ಮ ಹುಬ್ಬಳ್ಳಿಯ ಕಡೆ ಅದನ್ನು ಕಿಸೆ ಗಡಿಯಾರ ಎನ್ನುತ್ತೇವೆ. ಅನೇಕ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ, ಮದುವೆಯ ಸೀರೆಗಳ ಅಡಿಯಲ್ಲಿ, ಇಂಥದೊಂದು ಗಡಿಯಾರ ಸದ್ದಿಲ್ಲದೆ ಮಲಗಿರುವುದುಂಟು. ನಮ್ಮ ಮನೆಯಲ್ಲಿಯೂ ಒಂದಿತ್ತು. ಅದರ ವಿಷಯವಾಗಿ ನನ್ನ ತಮ್ಮ ಮತ್ತು ತಂಗಿಯ ನಡುವೆ ಮೂರು ವರ್ಷಗಳ ಕಾಲ ಮಾತು ನಿಂತುಹೋಗಿತ್ತು. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಇಷ್ಟು ಚಿಕ್ಕ ವಸ್ತುವೊಂದು ಇಷ್ಟೊಂದು ಮನಸ್ಸುಗಳನ್ನು ಹೇಗೆ ಹಿಡಿದಿಟ್ಟಿತು ಎಂಬುದನ್ನು ಓದುಗರೊಡನೆ ಸ್ವಲ್ಪ ವಿಚಾರಿಸಬೇಕೆನಿಸುತ್ತದೆ.

ಯಂತ್ರದ ಗಡಿಯಾರ ಹುಟ್ಟಿದ್ದು ನೋಡುವುದಕ್ಕಾಗಿ ಅಲ್ಲ, ಕೇಳುವುದಕ್ಕಾಗಿ. ಯೂರೋಪಿನ ಮಠಗಳಲ್ಲಿ ಹಗಲು ರಾತ್ರಿಗಳ ಪ್ರಾರ್ಥನೆಗೆ ಗೊತ್ತಾದ ವೇಳೆಗಳಿದ್ದವು. ಆ ವೇಳೆಗೆ ಘಂಟೆ ಹೊಡೆಯಬೇಕಿತ್ತು. ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ತೂಕದ ಗುಂಡುಗಳ ಭಾರದಿಂದ ಓಡುವ ಯಂತ್ರಗಳು ಈ ಕೆಲಸಕ್ಕೆ ಬಂದವು. ಇಂಗ್ಲೆಂಡಿನ ಸಾಲಿಸ್‌ಬರಿ ಮಹಾದೇವಾಲಯದಲ್ಲಿ 1386ರ ಸುಮಾರಿಗೆ ಸೇರಿದ್ದೆಂದು ಎಣಿಸಲಾದ ಗಡಿಯಾರವೊಂದಿದೆ. ಅದಕ್ಕೆ ಮುಖವೂ ಇಲ್ಲ, ಮುಳ್ಳೂ ಇಲ್ಲ. ಅದು ಘಂಟೆಯನ್ನಷ್ಟೇ ಬಾರಿಸುತ್ತದೆ. ಇಂಗ್ಲಿಷಿನ ‘ಕ್ಲಾಕ್’ ಎಂಬ ಮಾತಿನ ಮೂಲದಲ್ಲಿಯೂ ಘಂಟೆ ಎಂಬ ಅರ್ಥವೇ ಇದೆ. ನಮ್ಮ ಕನ್ನಡವೂ ಇದನ್ನು ಮರೆತಿಲ್ಲ. ‘ಎಷ್ಟು ಗಂಟೆ?’ ಎಂದೇ ಇಂದಿಗೂ ಕೇಳುತ್ತೇವೆ. ಆಗ ಸಮಯವು ಊರಿಗೆಲ್ಲ ಸೇರಿದ್ದಾಗಿತ್ತು. ಗೋಪುರದಿಂದ ಬಂದು ಎಲ್ಲರ ಕಿವಿಗೂ ಒಂದೇ ಸಲ ಬೀಳುತ್ತಿತ್ತು.

ಅದನ್ನು ಗೋಪುರದಿಂದ ಇಳಿಸಿ ಒಬ್ಬೊಬ್ಬರ ಜೇಬಿಗೆ ಹಾಕಿದ್ದು ಸುರುಳಿಯಾಗಿ ಸುತ್ತಿದ ಉಕ್ಕಿನ ಪಟ್ಟಿ. ತೂಕದ ಗುಂಡನ್ನು ಯಾರೂ ಹೊತ್ತು ತಿರುಗಲಾರರು, ಸ್ಪ್ರಿಂಗನ್ನು ಹೊರಬಹುದು. ಹದಿನಾರನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದ ಪೀಟರ್ ಹೆನ್ಲೈನ್ ಎಂಬ ಬೀಗದ ಕುಶಲಕರ್ಮಿ ಇಂಥ ಕಿರುಗಡಿಯಾರಗಳನ್ನು ಮಾಡಿ ಹೆಸರಾದನು. ಅವು ತೋರಿಸುತ್ತಿದ್ದ ಸಮಯ ಮಾತ್ರ ಬಹಳ ಒರಟಾಗಿತ್ತು. ಒಂದೇ ಮುಳ್ಳು, ಗಂಟೆಯನ್ನಷ್ಟೇ ತೋರಿಸುವಂಥದ್ದು. 1675ರಲ್ಲಿ ಹಾಲೆಂಡಿನ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ ತೂಗುಚಕ್ರಕ್ಕೆ ಕೂದಲೆಳೆಯಂಥ ಸುರುಳಿಯೊಂದನ್ನು ಜೋಡಿಸುವ ಉಪಾಯವನ್ನು ಪ್ರಕಟಿಸಿದ ಮೇಲೆ ಜೇಬುಗಡಿಯಾರವು ನಂಬಬಹುದಾದ ಸಂಗಾತಿಯಾಯಿತು. ನಿಮಿಷದ ಮುಳ್ಳಿಗೆ ಅರ್ಥ ಬಂದದ್ದೂ ಆಮೇಲೆಯೇ.

ಅದರ ಹಿಂಬದಿಯ ಮುಚ್ಚಳವನ್ನು ತೆರೆದು ನೋಡಿದವರಿಗೆ ಅದರ ಮೋಹ ತಿಳಿಯುತ್ತದೆ. ಮೇಲಿನ ಗುಂಡಿಯನ್ನು ತಿರುಗಿಸಿದಾಗ ಡಬ್ಬಿಯೊಂದರ ಒಳಗಿರುವ ದೊಡ್ಡ ಸ್ಪ್ರಿಂಗ್ ಬಿಗಿಯಾಗುತ್ತದೆ. ಅದಕ್ಕೆ ಬಿಚ್ಚಿಕೊಳ್ಳುವ ಆತುರ. ಒಮ್ಮೆಲೇ ಬಿಟ್ಟರೆ ಎಲ್ಲ ಬಲವೂ ಕೆಲವು ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಆ ಬಲವು ಹಲ್ಲುಚಕ್ರಗಳ ಸಾಲನ್ನು ದಾಟಿ ಬರುವಾಗ ಕೊನೆಯಲ್ಲಿ ಒಂದು ಪುಟ್ಟ ಸನ್ನೆ ಅದನ್ನು ತಡೆದು ನಿಲ್ಲಿಸುತ್ತದೆ. ಒಂದು ಹಲ್ಲನ್ನು ಬಿಡುತ್ತದೆ, ಮತ್ತೆ ತಡೆಯುತ್ತದೆ. ನಾವು ಕೇಳುವ ಟಿಕ್ ಟಿಕ್ ಸದ್ದು ಈ ತಡೆಯುವಿಕೆಯ ಸದ್ದು. ತಡೆಯುವ ಲಯವನ್ನು ನಿಶ್ಚಯಿಸುವುದು ಅತ್ತಿತ್ತ ತೂಗುವ ಚಕ್ರ. ಕಳೆದ ಶತಮಾನದ ಸಾಮಾನ್ಯ ಜೇಬುಗಡಿಯಾರವೊಂದು ಸೆಕೆಂಡಿಗೆ 5 ಸಲ, ಗಂಟೆಗೆ 18,000 ಸಲ ಹೀಗೆ ಮಿಡಿಯುತ್ತದೆ. ದಿನವೊಂದಕ್ಕೆ 4,32,000 ಮಿಡಿತಗಳು. ಇಷ್ಟಕ್ಕೂ ಅದು ಕೇಳುವುದು ಬೆಳಿಗ್ಗೆ ಎದ್ದು ಬೆರಳಿನಿಂದ ಕೊಡುವ ಇಪ್ಪತ್ತು ಮೂವತ್ತು ಸುತ್ತು ಕೀಲಿಯನ್ನು. ನಾವು ಕೊಡದೆ ಹೋದರೆ ಮರುದಿನ ಅದು ನಿಲ್ಲುತ್ತದೆ. ಬ್ಯಾಟರಿಯ ಗಡಿಯಾರಕ್ಕೂ ಇದಕ್ಕೂ ಇರುವ ಮುಖ್ಯ ಭೇದ ಇದೇ ಎಂದು ನನಗೆ ತೋರುತ್ತದೆ: ಇದು ತನ್ನಷ್ಟಕ್ಕೆ ಓಡಲಾರದು; ದಿನಕ್ಕೊಮ್ಮೆ ಯಾರಾದರೂ ಅದನ್ನು ನೆನೆಯಬೇಕು.

ಜೇಬುಗಡಿಯಾರಗಳ ಲೋಕದಲ್ಲಿ ಅತ್ಯಂತ ಪ್ರಸಿದ್ಧವಾದ ಒಂದರ ಕಥೆಯನ್ನು ಇಲ್ಲಿ ಹೇಳಲೇಬೇಕು. ಅಬ್ರಹಾಂ ಲೂಯಿ ಬ್ರೆಗೆ ಎಂಬಾತ 1747ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಎಂಬಲ್ಲಿ ಹುಟ್ಟಿ, ಗಡಿಯಾರದ ಕೆಲಸ ಕಲಿಯಲು ಎಳೆಯ ವಯಸ್ಸಿನಲ್ಲೇ ಫ್ರಾನ್ಸಿಗೆ ಬಂದನು. ಹಗಲು ಕೆಲಸ, ಸಂಜೆ ಪ್ಯಾರಿಸ್ಸಿನ ಮಜಾರಿನ್ ಕಾಲೇಜಿನಲ್ಲಿ ಗಣಿತದ ಪಾಠ. ಅಲ್ಲಿ ಗಣಿತ ಕಲಿಸುತ್ತಿದ್ದವರು ಅಬ್ಬೆ ಮರೀ ಎಂಬ ಗುರುಗಳು. ಕುಟುಂಬದವರು ಪ್ರೊಟೆಸ್ಟೆಂಟರಾಗಿದ್ದ ಈ ಹುಡುಗನ ಪ್ರತಿಭೆಯನ್ನು ಗುರುತಿಸಿ, ಅವನನ್ನು ಬೆಳೆಸಿ, ಅರಮನೆಯವರಿಗೆ ಪರಿಚಯ ಮಾಡಿಸಿದ ಕತೋಲಿಕ ಗುರು ಅವರು. ಗುರುಮಠದಲ್ಲಿ ಗಣಿತವೆಂದರೆ ಮುಖ ತಿರುಗಿಸುತ್ತಿದ್ದ ನನ್ನಂಥವರಿಗೆ ಅಬ್ಬೆ ಮರೀಯವರ ಹೆಸರು ವಿಶೇಷ ಗೌರವವನ್ನು ಹುಟ್ಟಿಸುತ್ತದೆ. 1775ರಲ್ಲಿ ಬ್ರೆಗೆ ಸೇನ್ ನದಿಯ ನಡುವಿನ ದ್ವೀಪದಲ್ಲಿ, ‘ಗಡಿಯಾರದ ದಂಡೆ’ ಎಂಬ ಅರ್ಥದ ಹೆಸರುಳ್ಳ ಬೀದಿಯಲ್ಲಿ, ತನ್ನ ಕಾರ್ಯಾಗಾರವನ್ನು ತೆರೆದನು.

1783ರಲ್ಲಿ ರಾಣಿ ಮರೀ ಆಂತ್ವಾನೆತ್‌ಳ ಕಾವಲುದಳದ ಅಧಿಕಾರಿಯೊಬ್ಬನು ರಾಣಿಗಾಗಿ ಒಂದು ಗಡಿಯಾರವನ್ನು ಮಾಡಿಕೊಡಬೇಕೆಂದು ಬ್ರೆಗೆಗೆ ಹೇಳಿದನು. ಆ ಕಾಲದಲ್ಲಿ ತಿಳಿದಿದ್ದ ಎಲ್ಲ ಯಂತ್ರಚಾತುರ್ಯವೂ ಅದರಲ್ಲಿರಬೇಕು. ಸಾಧ್ಯವಾದ ಕಡೆಯಲ್ಲೆಲ್ಲ ಬೇರೆ ಲೋಹದ ಬದಲು ಬಂಗಾರವಿರಬೇಕು. ಹಣಕ್ಕೂ ಕಾಲಕ್ಕೂ ಮಿತಿಯಿಲ್ಲ. ಇದೇ ಬ್ರೆಗೆಯ 160ನೆಯ ಗಡಿಯಾರ. ಕೇಳಿದಾಗ ಗಂಟೆ ನಿಮಿಷಗಳನ್ನು ನಾದದಿಂದ ಹೇಳುವುದು, ಅಧಿಕ ವರ್ಷವನ್ನೂ ಲೆಕ್ಕವಿಟ್ಟು ತಾರೀಖು ತೋರಿಸುವುದು, ಗಡಿಯಾರದ ಸಮಯಕ್ಕೂ ಸೂರ್ಯನ ಸಮಯಕ್ಕೂ ಇರುವ ಅಂತರವನ್ನು ಸೂಚಿಸುವುದು, ಶಾಖವನ್ನು ಅಳೆಯುವುದು, ತೊಟ್ಟವರ ನಡಿಗೆಯಿಂದಲೇ ಕೀಲಿ ತುಂಬಿಕೊಳ್ಳುವುದು — ಇಷ್ಟೆಲ್ಲವೂ ಸೇರಿ 823 ಬಿಡಿಭಾಗಗಳು, ಸುಮಾರು ಆರು ಸೆಂಟಿಮೀಟರ್ ಅಗಲದ ಒಂದು ಡಬ್ಬಿಯೊಳಗೆ.

ಅದು ಮುಗಿಯುವ ಮೊದಲೇ ಫ್ರಾನ್ಸಿನಲ್ಲಿ ಕ್ರಾಂತಿ ಬಂದಿತು. ರಾಣಿ ಸೆರೆಯಾಳಾದಳು. ಸೆರೆಯಲ್ಲಿದ್ದಾಗ ಅವಳು ಬ್ರೆಗೆಯ ಒಂದು ಸಾದಾ ಗಡಿಯಾರವನ್ನು ತರಿಸಿಕೊಂಡಳೆಂದು ಹೇಳುತ್ತಾರೆ. ಎಲ್ಲ ಚಮತ್ಕಾರಗಳ ಗಡಿಯಾರ ಕಾರ್ಯಾಗಾರದ ಮೇಜಿನ ಮೇಲೆ ಅರ್ಧಕ್ಕೆ ನಿಂತಿತ್ತು. ಉಳಿದಿದ್ದ ದಿನಗಳನ್ನು ಎಣಿಸಲು ಅವಳಿಗೆ ಸಾದಾ ಗಡಿಯಾರವೇ ಸಾಕಾಯಿತು. ಅವಳನ್ನು ಕೊನೆಯ ವಾರಗಳಲ್ಲಿ ಇರಿಸಿದ್ದ ಕಾಂಸಿಯೆರ್ಜರಿ ಸೆರೆಮನೆ ಇರುವುದೂ ಅದೇ ಗಡಿಯಾರದ ದಂಡೆಯ ಮೇಲೆ, ಬ್ರೆಗೆಯ ಅಂಗಡಿಯಿಂದ ಕಾಲ್ನಡಿಗೆಯ ದೂರದಲ್ಲಿ. 1793ರ ಅಕ್ಟೋಬರ್ 16ರಂದು ಅವಳ ತಲೆ ಉರುಳಿತು. ಅದೇ ವರ್ಷ ಬ್ರೆಗೆಯೂ ಜೀವಭಯದಿಂದ ಸ್ವಿಟ್ಜರ್ಲೆಂಡಿಗೆ ಹೋಗಬೇಕಾಯಿತು. 1795ರಲ್ಲಿ ಮರಳಿ ಬಂದನು. ಮುಂದೆ ಹಲವಾರು ವರ್ಷ ಈ ಗಡಿಯಾರದ ಕೆಲಸ ನಿಲ್ಲುತ್ತ, ಮತ್ತೆ ಮೊದಲಾಗುತ್ತ ಸಾಗಿತು. 1823ರಲ್ಲಿ ಬ್ರೆಗೆ ತೀರಿಕೊಂಡನು. ಮಗನ ಕಾಲದಲ್ಲಿ, 1827ರಲ್ಲಿ, ಗಡಿಯಾರ ಮುಗಿಯಿತು. ಹೇಳಿ ಮಾಡಿಸಿದ 44 ವರ್ಷಗಳ ಮೇಲೆ! ಯಾರಿಗಾಗಿ ಮಾಡಿಸಿದರೋ ಅವಳಿರಲಿಲ್ಲ. ಯಾರು ಕೈ ಹಚ್ಚಿದ್ದರೋ ಅವನೂ ಇರಲಿಲ್ಲ.

ಕೊಳ್ಳುವವಳು ಸತ್ತ ಮೇಲೂ ಒಂದು ಕೆಲಸವನ್ನು ಅಷ್ಟೇ ಅಚ್ಚುಕಟ್ಟಾಗಿ ಏಕೆ ಮುಂದುವರಿಸಬೇಕು? ಅದಕ್ಕೆ ಹಣ ಕೊಡುವವರಿರಲಿಲ್ಲ, ಹೊಗಳುವವರೂ ಇರಲಿಲ್ಲ. ಕೈಗೆತ್ತಿಕೊಂಡ ಕೆಲಸವನ್ನು ಮುಗಿಸಬೇಕೆಂಬ ಕಸುಬಿನ ನಿಷ್ಠೆಯಲ್ಲದೆ ಬೇರೆ ಉತ್ತರ ನನಗೆ ಹೊಳೆಯುವುದಿಲ್ಲ. ಗೋಡೆಯ ಮೇಲಣ ಕೊನೆಯ ಕಲ್ಲನ್ನು ತಮ್ಮ ಮೊಮ್ಮಕ್ಕಳು ಇಡುವರೆಂದು ತಿಳಿದೂ ಅಡಿಪಾಯಕ್ಕೆ ಕಲ್ಲು ಹೊತ್ತ ಮಹಾದೇವಾಲಯಗಳ ಕೂಲಿಕಾರರು ನನಗೆ ನೆನಪಾಗುತ್ತಾರೆ.

ಮುಂದಿನ ಕಥೆಯೂ ವಿಚಿತ್ರವಾಗಿದೆ. ಆ ಗಡಿಯಾರವನ್ನು ಹೊಂದಿದ್ದ ಶ್ರೀಮಂತನೊಬ್ಬನು 1838ರಲ್ಲಿ ಅದನ್ನು ದುರಸ್ತಿಗೆಂದು ಬ್ರೆಗೆಯ ಅಂಗಡಿಗೆ ತಂದುಕೊಟ್ಟನು. ಮರಳಿ ಒಯ್ಯಲು ಬರಲೇ ಇಲ್ಲ. ಕೈ ಬದಲಾಗುತ್ತ 1917ರಲ್ಲಿ ಅದು ಇಂಗ್ಲೆಂಡಿನ ಸಂಗ್ರಾಹಕ ಸರ್ ಡೇವಿಡ್ ಸಾಲೊಮನ್ಸ್ ಅವರಿಗೆ ಬಂದಿತು. ಅವರ ಮಗಳು ವೀರಾ ಸಾಲೊಮನ್ಸ್ ಜೆರುಸಲೇಮಿನಲ್ಲಿ ಇಸ್ಲಾಮೀ ಕಲೆಗಾಗಿ ಸ್ಥಾಪಿಸಿದ ವಸ್ತುಸಂಗ್ರಹಾಲಯದಲ್ಲಿ ತಂದೆಯ ಗಡಿಯಾರಗಳಿಗೂ ಸ್ಥಳ ದೊರೆಯಿತು. ಯೆಹೂದ್ಯ ಮಹಿಳೆಯೊಬ್ಬಳು ಮುಸ್ಲಿಮರ ಕಲೆಯನ್ನು ಗೌರವಿಸಲು ಕಟ್ಟಿಸಿದ ಆ ಮನೆಯಲ್ಲಿ ಕ್ರೈಸ್ತ ರಾಣಿಯೊಬ್ಬಳ ಗಡಿಯಾರ! ಆದರೆ 1983ರ ಏಪ್ರಿಲ್ 15ರ ರಾತ್ರಿ ಕಳ್ಳನೊಬ್ಬನು ಕಿಟಕಿಯ ಸರಳುಗಳನ್ನು ಬಗ್ಗಿಸಿ ನುಸುಳಿ 106 ಅಮೂಲ್ಯ ವಸ್ತುಗಳನ್ನು ಒಯ್ದನು. ಅವುಗಳಲ್ಲಿ ಇದೂ ಒಂದು. ಇಷ್ಟು ಪ್ರಸಿದ್ಧವಾದುದನ್ನು ಮಾರುವುದು ಹೇಗೆ? ಇಪ್ಪತ್ತಮೂರು ವರ್ಷ ಅದು ಕತ್ತಲಲ್ಲಿ ಬಚ್ಚಿಟ್ಟ ವಸ್ತುವಾಗಿ ಉಳಿಯಿತು. ಕಳ್ಳನು 2004ರಲ್ಲಿ ಸಾಯುವ ಮುನ್ನ ಹೆಂಡತಿಗೆ ಗುಟ್ಟು ಹೇಳಿದನು. 2006ರಲ್ಲಿ ವಕೀಲರ ಮೂಲಕ ಹಲವು ವಸ್ತುಗಳ ಜೊತೆಗೆ ಆ ಗಡಿಯಾರ ಸಂಗ್ರಹಾಲಯಕ್ಕೆ ಮರಳಿತು. ಮುಂದೆ, ಕಳುವಾಗಿದ್ದ 106ರಲ್ಲಿ 96 ದೊರೆತವು.

ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: ಆ ಇಪ್ಪತ್ತಮೂರು ವರ್ಷ ಆ ಗಡಿಯಾರ ಯಾರದಾಗಿತ್ತು? ಕಾನೂನಿನಂತೆ ಸಂಗ್ರಹಾಲಯದ್ದು, ಕೈವಶದಂತೆ ಕಳ್ಳನದು. ಆದರೆ ಅದಕ್ಕೆ ಕೀಲಿ ಕೊಟ್ಟವರಿಲ್ಲ, ಅದರ ನಾದ ಕೇಳಿದವರಿಲ್ಲ. ಒಡೆತನವಿದ್ದಲ್ಲೆಲ್ಲ ಆರೈಕೆ ಇರುತ್ತದೆಂದು ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಂಗ್ರಾಹಕರ ಲೋಕದ ಬೆಲೆಗಳು ನಮ್ಮ ಕಲ್ಪನೆಗೆ ನಿಲುಕುವಂಥವಲ್ಲ. ಹೆನ್ರಿ ಗ್ರೇವ್ಸ್ ಎಂಬ ಅಮೆರಿಕದ ಧನಿಕನಿಗಾಗಿ ಪಾಟೆಕ್ ಫಿಲಿಪ್ ಸಂಸ್ಥೆ ಮಾಡಿ 1933ರಲ್ಲಿ ಒಪ್ಪಿಸಿದ ಜೇಬುಗಡಿಯಾರವು 2014ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 2 ಕೋಟಿ 30 ಲಕ್ಷಕ್ಕೂ ಹೆಚ್ಚು ಸ್ವಿಸ್ ಫ್ರಾಂಕುಗಳಿಗೆ ಹೋಯಿತು. 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಮಹಾತ್ಮ ಗಾಂಧಿಯವರ ಜೇಬುಗಡಿಯಾರ, ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆಗಳನ್ನು ಒಟ್ಟಾಗಿ ಹರಾಜಿಗಿಟ್ಟಾಗ ನಮ್ಮ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಪರವಾಗಿ 18 ಲಕ್ಷ ಡಾಲರಿಗೆ ಅವುಗಳನ್ನು ಕೊಳ್ಳಲಾಯಿತು. ಗ್ರೇವ್ಸ್ ಗಡಿಯಾರದ ಬೆಲೆ ಅದರೊಳಗಿನ ಯಂತ್ರಕ್ಕೆ. ಗಾಂಧೀಜಿಯವರದು ಅಂಗಡಿಯಲ್ಲಿ ಸಿಗುತ್ತಿದ್ದ ಗಡಿಯಾರವೇ. ಅದರ ಬೆಲೆಯೆಲ್ಲ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ನಿಮಿಷವನ್ನೂ ವ್ಯರ್ಥ ಮಾಡದೆ ಬದುಕಿದ ಮನುಷ್ಯನದು.

ಇನ್ನು ಸಾಮಾನ್ಯರ ಗಡಿಯಾರಗಳ ಮಾತು. ಅವುಗಳ ಮೇಲೆ ಜನರ ಪ್ರಾಣವೇ ನಿಂತಿದ್ದ ಕಾಲವೊಂದಿತ್ತು. ಒಂದೇ ಹಳಿಯ ಮೇಲೆ ಎದುರುಬದುರಾಗಿ ರೈಲುಗಳು ಓಡುವಾಗ ಯಾವುದು ಎಲ್ಲಿ ಕಾಯಬೇಕೆಂಬುದನ್ನು ಗಡಿಯಾರವೇ ನಿರ್ಣಯಿಸುತ್ತಿತ್ತು. 1891ರ ಏಪ್ರಿಲಿನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕಿಪ್ಟನ್ ಎಂಬಲ್ಲಿ ಎರಡು ರೈಲುಗಳು ಮುಖಾಮುಖಿ ಡಿಕ್ಕಿ ಹೊಡೆದು ಹಲವರು ಸತ್ತರು. ಚಾಲಕನ ಗಡಿಯಾರ ನಾಲ್ಕು ನಿಮಿಷ ನಿಂತು, ಮತ್ತೆ ಓಡಿತ್ತೆಂಬುದು ಕಾರಣವಾಗಿ ಕಂಡಿತು. ಬಳಿಕ ಕ್ಲೀವ್‌ಲೆಂಡಿನ ಗಡಿಯಾರದ ವ್ಯಾಪಾರಿ ವೆಬ್ ಬಾಲ್ ಎಂಬವರಿಗೆ ರೈಲ್ವೆ ಗಡಿಯಾರಗಳ ತಪಾಸಣೆಯ ವ್ಯವಸ್ಥೆಯನ್ನು ರೂಪಿಸುವ ಕೆಲಸ ಬಂದಿತು. ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು, ಮುಖದ ಮೇಲೆ ಮುಚ್ಚಳವಿರಬಾರದು, ಅಂಕಿಗಳು ಸ್ಪಷ್ಟವಾಗಿರಬೇಕು, ಕನಿಷ್ಠ 17 ಜ್ಯುವೆಲ್ ಇರಬೇಕು ಎಂಬಂಥ ನಿಯಮಗಳು ಕ್ರಮೇಣ ನೆಲೆಗೊಂಡವು.

ಈ ‘ಜ್ಯುವೆಲ್’ ಎಂಬ ಮಾತನ್ನು ಕಂಡು ಒಳಗೆ ರತ್ನಗಳಿವೆಯೆಂದು ನಂಬಿದ ಕುಟುಂಬಗಳನ್ನು ನಾನು ಬಲ್ಲೆ. ಅವು ಚಕ್ರಗಳ ತುದಿ ಸವೆಯದಿರಲೆಂದು ಕೂರಿಸಿದ ಕೆಂಪುಕಲ್ಲಿನ ಚೂರುಗಳು. ಇಪ್ಪತ್ತನೆಯ ಶತಮಾನದ ಗಡಿಯಾರಗಳಲ್ಲಿ ಬಹುಪಾಲು ಕೃತಕವಾಗಿ ತಯಾರಿಸಿದ ಕಲ್ಲುಗಳೇ. ಚಿನ್ನದಂಗಡಿಯಲ್ಲಿ ಅವಕ್ಕೆ ಬೆಲೆಯಿಲ್ಲ, ಗಡಿಯಾರದೊಳಗೆ ಮಾತ್ರ ಅವಿಲ್ಲದೆ ಆಗದು.

ನಮ್ಮ ಅಜ್ಜ ಹುಬ್ಬಳ್ಳಿಯಲ್ಲಿ ಗೂಡ್ಸ್ ಗಾಡಿಗಳ ಗಾರ್ಡ್ ಆಗಿದ್ದರು. ಸೇರಿದ್ದು ಮದ್ರಾಸ್ ಮತ್ತು ದಕ್ಷಿಣ ಮರಾಠಾ ರೈಲ್ವೆಗೆ. ನಿವೃತ್ತರಾಗುವ ಹೊತ್ತಿಗೆ ಅದು ದಕ್ಷಿಣ ರೈಲ್ವೆಯಾಗಿತ್ತು. ಅವರ ಓಡಾಟ ಹೆಚ್ಚಾಗಿ ಲೋಂಡಾ, ಕ್ಯಾಸಲ್‌ರಾಕ್‌ಗಳ ಕಾಡುದಾರಿಯಲ್ಲಿ. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಗೊತ್ತಾಗುವ ಮೊದಲು ರೈಲುಗಳು ಮದ್ರಾಸಿನ ಸಮಯದಂತೆ ಓಡುತ್ತಿದ್ದವು, ಊರುಗಳು ತಮ್ಮ ತಮ್ಮ ಸಮಯದಂತೆ ನಡೆಯುತ್ತಿದ್ದವು ಎಂದು ಅವರು ತಮ್ಮ ಹಿರಿಯರಿಂದ ಕೇಳಿ ನಮಗೆ ಹೇಳುತ್ತಿದ್ದರು. ಗಾಡಿ ಬಿಡುವ ಮುನ್ನ ಸ್ಟೇಷನ್ನಿನ ಗಡಿಯಾರಕ್ಕೆ ತಮ್ಮದನ್ನು ಹೊಂದಿಸಿ, ಡ್ರೈವರನ ಗಡಿಯಾರದೊಡನೆ ಸರಿನೋಡಿ, ಪುಸ್ತಕದಲ್ಲಿ ಹೊತ್ತು ಬರೆದು, ಆಮೇಲೆ ಹಸಿರು ಬಾವುಟ ಬೀಸುವುದು ಅವರ ಕ್ರಮ. ಅವರ ಗಡಿಯಾರ ಬೆಳ್ಳಿಯದೂ ಅಲ್ಲ, ಬಂಗಾರದ್ದೂ ಅಲ್ಲ; ಮುಂಬಯಿ ಮತ್ತು ಕಲ್ಕತ್ತೆಗಳಿಂದ ಸ್ವಿಟ್ಜರ್ಲೆಂಡಿನ ಗಡಿಯಾರಗಳನ್ನು ಮಾರುತ್ತಿದ್ದ ವೆಸ್ಟ್ ಎಂಡ್ ವಾಚ್ ಕಂಪನಿಯದು, ನಿಕ್ಕಲ್ ಡಬ್ಬಿಯದು. ನಿವೃತ್ತಿಯ ಮೇಲೂ ಪ್ರತಿದಿನ ಬೆಳಿಗ್ಗೆ ಪೂಜೆಗೆ ಹೊರಡುವ ಮುನ್ನ ಅದಕ್ಕೆ ಕೀಲಿ ಕೊಡುತ್ತಿದ್ದರು. 1979ರಲ್ಲಿ ಅವರು ತೀರಿಕೊಂಡ ಮರುದಿನ ಅದು ನಿಂತಿತು. ಅದರಲ್ಲಿ ಪವಾಡವೇನೂ ಇಲ್ಲ. ಸಾವಿನ ಮನೆಯಲ್ಲಿ ಯಾರೂ ಕೀಲಿ ಕೊಡಲಿಲ್ಲ, ಅಷ್ಟೆ. ಅಜ್ಜನ ಸೊಸೆಯಾಗಿ ಆ ಮನೆಗೆ ಬಂದಿದ್ದ ನಮ್ಮ ಅವ್ವ ಅದನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು.

ಅವ್ವ ತೀರಿಕೊಂಡದ್ದು 2019ರಲ್ಲಿ. ಹಂಚಿಕೊಳ್ಳಲು ಆಸ್ತಿಯೆಂಬುದೇನೂ ನಮ್ಮಲ್ಲಿರಲಿಲ್ಲ. ಇದ್ದದ್ದು ಗಡಿಯಾರ. ತಮ್ಮನ ಮಗಳಿಗೆ ನರ್ಸಿಂಗ್ ಕಾಲೇಜಿಗೆ ಸೇರುವ ಕಾಲ. ಹಳೆಯ ಜೇಬುಗಡಿಯಾರಗಳು ಲಕ್ಷಗಟ್ಟಲೆಗೆ ಹೋಗುತ್ತವೆಂದು ಅವನು ಎಲ್ಲಿಯೋ ಕೇಳಿದ್ದನು. ತಂಗಿ ಒಪ್ಪಲಿಲ್ಲ.

“ಅವ್ವ ನಲವತ್ತು ವರ್ಷ ಜೋಪಾನ ಮಾಡಿದ್ದನ್ನ ನೀ ಸಂತ್ಯಾಗ ಇಡ್ತೀಯೇನು?” ಎಂದಳು.

“ಟ್ರಂಕಿನ್ಯಾಗ ನಿಂತ ಗಡಿಯಾರ ಕಾಯೋದಕ್ಕ ಜೋಪಾನ ಅಂತಾರೇನಕ್ಕ? ಹುಡುಗಿ ಓದಿದ್ರ ಅಜ್ಜಗ ಸಂತೋಷ ಆಗೂದಿಲ್ಲೇನು?” ಎಂದು ಅವನು ಕೇಳಿದನು.

ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಆದ್ದರಿಂದಲೇ ಜಗಳ ಬಗೆಹರಿಯಲಿಲ್ಲ. ಸುಳ್ಳಿಗೂ ಸತ್ಯಕ್ಕೂ ಆಗುವ ಜಗಳ ಬೇಗ ಮುಗಿಯುತ್ತದೆ. ಎರಡು ನ್ಯಾಯಗಳ ನಡುವಿನ ಜಗಳಕ್ಕೆ ಕೊನೆಯಿರುವುದಿಲ್ಲ. ಒಬ್ಬರ ಮನೆಯ ಹಬ್ಬಕ್ಕೆ ಇನ್ನೊಬ್ಬರು ಹೋಗುವುದು ನಿಂತಿತು. ಗಡಿಯಾರವನ್ನು ನನ್ನ ಬಳಿ ಇರಿಸಿದರು. ಗುರುಗಳೆಂದರೆ ಎಲ್ಲರಿಗೂ ನಂಬಿಕೆಯ ಲಾಕರು!

2022ರಲ್ಲಿ, ಪರಿಚಿತರೊಬ್ಬರ ಮೂಲಕ ಬೆಂಗಳೂರಿನ ಸಂಗ್ರಾಹಕರೊಬ್ಬರು ಅದನ್ನು ನೋಡಲು ಬಂದರು. ಸಜ್ಜನರು. ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಹಿಂಬದಿಯ ಮುಚ್ಚಳವನ್ನು ತೆರೆದರು. ಆ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದಂಥ ಸಣ್ಣ ಗುರುತುಗಳಿದ್ದವು: ಕೆಲವು ಅಕ್ಷರಗಳು, ಕೆಲವು ಅಂಕಿಗಳು, 38, 47, 53, ಕೊನೆಯದು 74. ದುರಸ್ತಿ ಮಾಡಿದ ಪ್ರತಿಯೊಬ್ಬ ಗಡಿಯಾರದವನೂ ತನ್ನ ನೆನಪಿಗಾಗಿ ಹೀಗೆ ಗೀಚಿಡುವ ರೂಢಿಯಿತ್ತೆಂದು ಅವರು ವಿವರಿಸಿದರು. ಮನೆಯವರಾದ ನಾವು ಯಾರೂ ಅದನ್ನು ಹಿಂದೆ ನೋಡಿರಲಿಲ್ಲ. ನಂತರ ಅವರು ಬೆಲೆ ಹೇಳಿದರು. ಇದು ಬಹುಸಂಖ್ಯೆಯಲ್ಲಿ ತಯಾರಾದ ಮಾದರಿ. ಹಳೆಯದೆಂದ ಮಾತ್ರಕ್ಕೆ ವಿರಳವಲ್ಲ. ಕೆಲವು ಸಾವಿರ ರೂಪಾಯಿಗಿಂತ ಹೆಚ್ಚು ಬರಲಾರದು. ಮೂರು ವರ್ಷ ಅಣ್ಣತಂಗಿಯರ ನಡುವೆ ಗೋಡೆಯಾಗಿ ನಿಂತಿದ್ದ ವಸ್ತು ಕಾಲೇಜಿನ ಒಂದೆರಡು ತಿಂಗಳ ಊಟದ ಖರ್ಚಿಗೂ ಸಾಲದೆಂದು ಅಂದು ತಿಳಿಯಿತು.

ಬೆಲೆ ಕಡಿಮೆಯೆಂದು ತಿಳಿದರೆ ಜಗಳ ಮುಗಿಯಬೇಕಲ್ಲವೆ? ಮುಗಿಯಲಿಲ್ಲ. ಮಾರುವ ಮಾತು ಬಿದ್ದುಹೋದ ಮೇಲೆ, ಅದು ಯಾರ ಮನೆಯಲ್ಲಿರಬೇಕೆಂಬ ಮಾತು ಎದ್ದಿತು. ಕೊನೆಗೆ, ಎಲ್ಲಿಯಾದರೂ ಇರಲಿ, ಮೊದಲು ಓಡುವಂತೆ ಮಾಡೋಣವೆಂದು ಪೇಟೆಯ ಒಂದು ಚಿಕ್ಕ ಅಂಗಡಿಗೆ ಒಯ್ದೆವು. ತಮ್ಮ, ತಂಗಿ, ನರ್ಸಿಂಗ್ ಓದುತ್ತಿದ್ದ ಹುಡುಗಿ, ನಾನು. ಹಳೆಯ ಗಡಿಯಾರ ಬಿಚ್ಚಬಲ್ಲ ಕೈಗಳು ಈಗ ವಿರಳ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಗಡಿಯಾರ ತಯಾರಿಸಲು ತೊಡಗಿದ ಎಚ್‌ಎಂಟಿಯ ಕಾಲದಲ್ಲಿ ಪ್ರತಿಯೊಂದು ಪೇಟೆಯಲ್ಲೂ ಇಂಥ ಅಂಗಡಿಗಳಿದ್ದವು. ಎಚ್‌ಎಂಟಿಯ ಗಡಿಯಾರ ವಿಭಾಗವನ್ನೇ ಮುಚ್ಚಲು ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಈ ಅಂಗಡಿಯ ಮುದುಕರು ಗಡಿಯಾರವನ್ನು ಕಿವಿಗೆ ಹಿಡಿದರು, ಬಿಚ್ಚಿದರು, ಎಣ್ಣೆಯೆಲ್ಲ ಒಣಗಿ ಮೇಣದಂತಾಗಿದೆ ಎಂದರು. ಆಮೇಲೆ ನಮ್ಮ ಕಡೆ ತಿರುಗಿ ಕೇಳಿದರು:

“ಮಾಡಿಕೊಡ್ತೇನ್ರಿ ಫಾದರ್. ಆದ್ರ ಇದಕ್ಕ ದಿನಾ ಕೀಲಿ ಕೊಡೋರು ಯಾರು? ಮತ್ತ ಟ್ರಂಕಿನ್ಯಾಗ ಇಡೋದಿದ್ರ ನನ್ನ ಕಣ್ಣು ಯಾಕ ಕಳೀಬೇಕು?”

ಇದು ಯಾರದು ಎಂದು ನಾವು ಮೂರು ವರ್ಷ ವಾದಿಸಿದ್ದೆವು. ಇದಕ್ಕೆ ಕೀಲಿ ಕೊಡುವವರು ಯಾರು ಎಂದು ಯಾರೂ ಕೇಳಿರಲಿಲ್ಲ. ತಮ್ಮ ನೆಲ ನೋಡಿದನು. ತಂಗಿ ಸೆರಗು ಸರಿಪಡಿಸಿಕೊಂಡಳು. ಹುಡುಗಿ, “ನಾ ಕೊಡ್ತೇನಿ ದೊಡ್ಡಪ್ಪ” ಎಂದಳು. ಕೆಳಗಿನ ಪುಟ್ಟ ವೃತ್ತದಲ್ಲಿ ಸೆಕೆಂಡಿನ ಮುಳ್ಳು ಪ್ರತ್ಯೇಕವಾಗಿ ತಿರುಗುವುದನ್ನು ತೋರಿಸಿ, ನಾಡಿ ಎಣಿಸಲು ಇದು ಚೆನ್ನಾಗಿದೆ ಎಂದಳು. ಇಂಗ್ಲೆಂಡಿನ ವೈದ್ಯ ಸರ್ ಜಾನ್ ಫ್ಲಾಯರ್ ಎಂಬವರು ರೋಗಿಯ ನಾಡಿ ಎಣಿಸುವುದಕ್ಕೆಂದೇ ವಿಶೇಷ ಗಡಿಯಾರವೊಂದನ್ನು ಮಾಡಿಸಿ 1707ರಲ್ಲಿ ಅದರ ವಿಷಯವಾಗಿ ಗ್ರಂಥ ಬರೆದರೆಂಬುದು ಅವಳಿಗೆ ತಿಳಿದಿರಲಿಲ್ಲ. ನನಗೂ ಆಗ ತಿಳಿದಿರಲಿಲ್ಲ.

ಎರಡು ವಾರಗಳ ಮೇಲೆ ಗಡಿಯಾರ ಮರಳಿತು. ಮುಚ್ಚಳದ ಒಳಮೈಯಲ್ಲಿ 74ರ ಕೆಳಗೆ 22 ಎಂಬ ಹೊಸ ಗೀಚು ಸೇರಿತ್ತು. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಅದನ್ನು ನಂಬಿ ಈಗ ಯಾವ ರೈಲೂ ಹೊರಡಬೇಕಾಗಿಲ್ಲ. ಅವಳು ಅದನ್ನು ಆಸ್ಪತ್ರೆಗೆ ಒಯ್ಯುವುದಿಲ್ಲ, ಹಾಸ್ಟೆಲಿನ ಮೇಜಿನ ಮೇಲಿಟ್ಟು ಬೆಳಿಗ್ಗೆ ಕೀಲಿ ಕೊಡುತ್ತಾಳೆ. ಅವಳ ಶುಲ್ಕಕ್ಕೆ ಬ್ಯಾಂಕಿನ ಸಾಲವೇ ದಾರಿಯಾಯಿತು. ಮುರಿದದ್ದೆಲ್ಲ ಕೂಡಿತೆಂದು ಹೇಳಲಾರೆ. ಆದರೆ ಭಾನುವಾರಗಳಂದು ತಂಗಿ ಅವಳಿಗೆ ಫೋನು ಮಾಡಿ “ಗಡಿಯಾರ ನಡದೈತೇನವಾ?” ಎಂದು ವಿಚಾರಿಸುತ್ತಾಳೆ. ಹುಡುಗಿ ರಜೆಗೆ ಮನೆಗೆ ಬಂದಿದ್ದರೆ ಕೆಲವೊಮ್ಮೆ ಫೋನು ತಮ್ಮನ ಕೈಗೂ ಹೋಗುತ್ತದೆ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇಂಥದೊಂದು ಗಡಿಯಾರವಿದ್ದರೆ ಆ ಸಂಗ್ರಾಹಕರೂ ಆ ಮುದುಕರೂ ಹೇಳಿದ ಕೆಲವು ಮಾತುಗಳನ್ನು ಇಲ್ಲಿ ದಾಖಲಿಸುತ್ತೇನೆ. ಬಹಳ ಕಾಲ ನಿಂತಿದ್ದ ಗಡಿಯಾರಕ್ಕೆ ಒಮ್ಮೆಲೇ ಕೀಲಿ ಕೊಟ್ಟು ಓಡಿಸಬಾರದು. ಒಣಗಿದ ಎಣ್ಣೆಯಲ್ಲಿ ಚಕ್ರಗಳು ಸವೆಯುತ್ತವೆ. ತಿಳಿದವರಿಂದ ಬಿಚ್ಚಿಸಿ ಶುಚಿಗೊಳಿಸಿದ ಮೇಲೆಯೇ ಓಡಿಸಬೇಕು. ನಂತರವೂ ನಾಲ್ಕೈದು ವರ್ಷಗಳಿಗೊಮ್ಮೆ ಹೊಸ ಎಣ್ಣೆ ಬೇಕು. ಮುಖಫಲಕಕ್ಕೆ ಹೊಸ ಬಣ್ಣ ಬಳಿಸಬಾರದು, ಡಬ್ಬಿಯನ್ನು ಉಜ್ಜಿ ಉಜ್ಜಿ ಹೊಳಪಿಸಬಾರದು. ಮಾಸಿದ ಮುಖವೇ ಅದರ ನಿಜವಾದ ಮುಖ. ತೇವದ ಜಾಗ ಅದಕ್ಕೆ ಶತ್ರು. ಯಾರಾದರೂ ಬೆಲೆ ಹೇಳಿದರೆ ಇನ್ನೊಬ್ಬರನ್ನೂ ಕೇಳಬೇಕು, ಮಾರುವುದಾದರೆ ಮನೆಯವರೆಲ್ಲ ಕೂಡಿ ಕುಳಿತು ಮಾತಾಡಿ ಮಾರಬೇಕು. ಮಾರುವುದರಲ್ಲಿ ಪಾಪವೇನೂ ಇಲ್ಲ. ಪೆಟ್ಟಿಗೆಯಲ್ಲಿ ತುಕ್ಕು ಹಿಡಿಸುವುದಕ್ಕಿಂತ, ಅದನ್ನು ಪ್ರೀತಿಯಿಂದ ಓಡಿಸುವ ಅಪರಿಚಿತರ ಕೈ ಮೇಲು.

ಹಿರಿಯರು ನಮಗೆ ಬಿಟ್ಟುಹೋಗುವ ವಸ್ತುಗಳು ಬಹಳವಿಲ್ಲ. ಬಿಟ್ಟುಹೋದವುಗಳನ್ನು ಹಂಚಿಕೊಳ್ಳುವಾಗ ಪಾಲು ಯಾರಿಗೆ ಎಷ್ಟು ಎಂಬ ಪ್ರಶ್ನೆ ಎಲ್ಲ ಮನೆಗಳಲ್ಲಿಯೂ ಏಳುತ್ತದೆ. ಅದು ಏಳುವುದು ಸಹಜ. ಆ ಮುದುಕರು ತಮ್ಮ ಅಂಗಡಿಯಲ್ಲಿ ಕುಳಿತು ಕೇಳಿದ ಪ್ರಶ್ನೆಯನ್ನೂ ಅದರ ಜೊತೆಗೆ, ಸಾಧ್ಯವಾದರೆ ಅದಕ್ಕಿಂತ ಮೊದಲು, ಕೇಳಿಕೊಂಡರೆ ಒಳ್ಳೆಯದು. ಗಡಿಯಾರದ ಮುಚ್ಚಳದೊಳಗೆ ಗುರುತು ಉಳಿದಿರುವುದು ಅದನ್ನು ಕೊಂಡವರದಲ್ಲ, ಕೈಯಲ್ಲಿ ಹಿಡಿದು ನೋಡಿಕೊಂಡವರದು.